ಗೇಟಿನಲ್ಲಿ ಗಾಡಿ ತಡೆದವಳು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು, ಬರೆಯದೆ ಎದ್ದಿದ್ದೇನೆ. ಇಂಥ ಸಂಗತಿ ಹೇಳಿದವರನ್ನು ನಕ್ಕು ಕಳಿಸಿದವನು ನಾನು. ಈಗ ಜನ ನನ್ನನ್ನು ನೋಡಿ ನಕ್ಕಾರೆಂಬ ಅಂಜಿಕೆ ಒಂದು. ಇನ್ನೊಂದು ಕಾರಣ ಓದುತ್ತ ಹೋದರೆ ನಿಮಗೇ ತಿಳಿದೀತು.

ತೊಂಬತ್ತರ ದಶಕದ ಮಾತು. ಬನಹಟ್ಟಿಯಲ್ಲಿ ಮಗ್ಗ ನಡೆಸುತ್ತಿದ್ದ ನನ್ನ ತಮ್ಮನಿಗೆ ಕಾಮಣಿಯಾಗಿ ಕಣ್ಣು, ಮೈ ಹಳದಿಗಟ್ಟಿದವು. ಪಿತ್ತನಾಳದಲ್ಲಿ ಹರಳು ಸಿಕ್ಕಿಕೊಂಡಿದೆ ಎಂದರು. ನಾನೂ ಅವನ ಹೆಂಡತಿಯೂ ಅವನನ್ನು ಮಿರಜಿನ ಒಂದು ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿಯ ಡಾಕ್ಟರರು ಹೊಟ್ಟೆ ಕೊಯ್ಯಲಿಲ್ಲ. ಬಾಯಿಂದ ಉದ್ದನೆಯ ನಳಿಗೆ ಇಳಿಸಿ, ನಾಳದ ಬಾಯನ್ನು ಒಂದಿಷ್ಟೇ ಕತ್ತರಿಸಿ ಹರಳು ತೆಗೆದರು. ಕತ್ತರಿಸಿದ ಜಾಗದಲ್ಲಿ ಕೆಲವರಿಗೆ ಆಮೇಲೆ ರಕ್ತ ಸುರಿಯುತ್ತದೆ, ಮಲ ಕಪ್ಪಾದರೆ ತಕ್ಷಣ ತಿಳಿಸಿ ಎಂದು ನನ್ನನ್ನು ಎದುರಿಗೆ ಕೂಡಿಸಿಕೊಂಡು ಹೇಳಿದರು. ನಮ್ಮಲ್ಲಿ ಮರಾಠಿ ಬಲ್ಲವನು ನಾನೊಬ್ಬನೇ; ಆ ಮಾತನ್ನು ಅವರಿಬ್ಬರಿಗೂ ಕನ್ನಡದಲ್ಲಿ ತಿಳಿಸಿದ್ದೆ.

ಒಂದೆರಡು ದಿನ ಕಳೆದಿತ್ತು. ಬೆಳಿಗ್ಗೆ ಮಲದ ಪಾತ್ರೆ ತೊಳೆದು ಬಂದ ತಮ್ಮನ ಹೆಂಡತಿ ಸೆರಗು ಮುಂದಕ್ಕೆಳೆದುಕೊಂಡು, "ಭಾವಾರ, ಕರ್ರಗ ಡಾಂಬರಿನ್ಹಂಗ ಆಗೇತ್ರಿ" ಎಂದಳು.

ನನ್ನ ಕಣ್ಣು ಮಂಚದ ಕೆಳಗಿದ್ದ ಗುರೆಳ್ಳು ಹಿಂಡಿಯ ಡಬ್ಬಿಯ ಮೇಲೆ ಹೋಯಿತು. ನಮ್ಮಿಬ್ಬರ ರೊಟ್ಟಿಗೆಂದು ಮನೆಯಿಂದ ತಂದ, ತಮ್ಮನಿಗೆ ಕೊಡಬಾರದಿದ್ದ ಆ ಕರಿ ಚಟ್ನಿಪುಡಿ ಅರ್ಧ ಖಾಲಿಯಾಗಿತ್ತು. ಗುರೆಳ್ಳು ತಿಂದರೆ ಮರುದಿನ ಮಲ ಕಪ್ಪಾಗುವುದೆಂದು ನಮ್ಮ ಕಡೆಯವರ ತಿಳಿವಳಿಕೆ.

"ಕದ್ದು ಹಿಂಡಿ ತಿನ್ನಿಸಿದಿ ಹೌದಲ್ಲ?"

"ಖರೇನ ಇಲ್ರಿ. ಇದು ಗುರೆಳ್ಳ ಅಲ್ರಿ, ರಕ್ತ್ರಿ. ಡಾಕ್ಟರಿಗೆ ಹೇಳ್ರಿ."

ತಮ್ಮ ಬಿಳಿಚಿದ ಮುಖದಲ್ಲೇ ನಕ್ಕ. "ಅಣ್ಣಾ, ಡಬ್ಬಿ ಖಾಲಿ ಮಾಡಿದಾಂವ ನೀನು, ಬೈಸ್ಕೊಳ್ಳಾಕಿ ಆಕಿ?"

ಹೆಂಡತಿಯ ಪರ ವಹಿಸುತ್ತಿದ್ದಾನೆ ಎಂದುಕೊಂಡೆ. ವಾರ್ಡಿನ ಮಂದಿಯೆಲ್ಲ ನೋಡುತ್ತಿದ್ದಂತೆ, "ಗಂಡನ್ನ ಕೊಲ್ಲಾಕ ಬಂದೀಯೇನು?" ಎಂದು ಅವಳನ್ನು ಗದರಿಸಿದೆ. ಡಾಕ್ಟರರು ಬಂದಾಗ ಮರಾಠಿಯಲ್ಲಿ ಎಲ್ಲ ಸರಿಯಿದೆ ಎಂದುಬಿಟ್ಟೆ. ಅವಳು ತಿಳಿಯದ ಮಾತನ್ನು ಕೇಳುತ್ತ ನಿಂತಿದ್ದಳು.

ಮಧ್ಯಾಹ್ನ ತಮ್ಮನಿಗೆ ತಣ್ಣನೆಯ ಬೆವರು ಕಿತ್ತಿತು. ಹೆಂಡತಿಯ ಕೈ ಹಿಡಿದು ಕಣ್ಣು ಮುಚ್ಚಿದ್ದ. ಎದುರಿನ ಬೆಂಚಿನಲ್ಲಿ ಕುಳಿತ ನನಗೆ ನರ್ಸನ್ನು ಕರೆಯಲು ಬಾಯಿ ಬರಲಿಲ್ಲ. ಕರೆದರೆ ಬೆಳಗಿನ ನನ್ನ ಮಾತು ಸುಳ್ಳಾಗುತ್ತಿತ್ತು. ಅವಳು ಮಂಚ ಬಿಟ್ಟು ಅಲ್ಲಾಡಿರಲಿಲ್ಲ. ಇದನ್ನು ಆಣೆ ಮಾಡಿ ಹೇಳಬಲ್ಲೆ.

ಅಷ್ಟರಲ್ಲಿ, ಊಟಕ್ಕೆಂದು ಮನೆಗೆ ಹೊರಟಿದ್ದ ಡಾಕ್ಟರರು ಓಡುತ್ತ ಒಳಗೆ ಬಂದರು. ತಮ್ಮನ ರೆಪ್ಪೆ ಎಳೆದು ನೋಡಿ, ನಾಡಿ ಹಿಡಿದು, ರಕ್ತ ತರಿಸಲು ಹೇಳಿ, ನನ್ನತ್ತ ತಿರುಗಿ ಮರಾಠಿಯಲ್ಲಿ ಕೇಳಿದರು: "ಗುರೆಳ್ಳ ಅಂದರೆ ಏನು?"

ಗೇಟಿನಲ್ಲಿ ಒಬ್ಬ ಹೆಂಗಸು ಅವರ ಗಾಡಿಗೆ ಅಡ್ಡ ನಿಂತು, "ಗುರೆಳ್ಳ ಅಲ್ರಿ, ರಕ್ತ್ರಿ" ಎಂದಳಂತೆ. ರಕ್ತ ಎಂಬುದಷ್ಟೇ ಅವರಿಗೆ ಅರ್ಥವಾಗಿತ್ತು. ಯಾರೆಂದು ಕೇಳಿದರೆ ತಮ್ಮನ ಹೆಂಡತಿಯನ್ನು ತೋರಿಸಿ, "ಇವರೇ" ಎಂದರು.

ಮತ್ತೆ ನಳಿಗೆ ಇಳಿಸಿದರು. ರಕ್ತ ಒಸರುವ ಅಂಚಿಗೆ ಸೂಜಿಯಿಂದ ಔಷಧ ಚುಚ್ಚಿ, ಪುಟ್ಟ ಬಲೂನು ಉಬ್ಬಿಸಿ ಒತ್ತಿ ಹಿಡಿದು ನಿಂತರು. ಬಾಗಿಲ ಗಾಜಿನಿಂದ ನೋಡಿದೆ. ಮಗ್ಗದಲ್ಲಿ ಹರಿದ ಎಳೆ ಕೂಡಿಸುವವನಂತೆ ಅವರ ಬೆರಳುಗಳಿಗೆ ಅವಸರವೇ ಇರಲಿಲ್ಲ. ಹೊರಬಂದಾಗ ಅಂಗಿ ತೊಯ್ದಿತ್ತು, ಊಟ ಆಗಿರಲಿಲ್ಲ. "ನಿಂತಿದೆ" ಎಂದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅಂಥ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ.

ಆಮೇಲೆ ಗೇಟಿನ ಕಾವಲುಗಾರನನ್ನು ವಿಚಾರಿಸಿದೆ. ಗಾಡಿ ನಿಂತು ತಿರುಗಿದ್ದನ್ನು ಕಂಡಿದ್ದ, ಹೆಂಗಸನ್ನು ಕಂಡಿರಲಿಲ್ಲ. ವಾರ್ಡಿನಲ್ಲಿ ಕನ್ನಡದವರು ಬೇರೆ ಯಾರೂ ಇರಲಿಲ್ಲ. ಅವಳನ್ನೇ ಕೇಳಿದೆ.

"ನಾ ಎಲ್ಲಿ ಹೋಗ್ಲಿರಿ ಭಾವಾರ? ಅವರು ನನ್ನ ಕೈ ಬಿಟ್ಟಿದ್ರಲ್ಲ ಹೋಗೂದು."

ತಮ್ಮ ಬಹಳ ವರ್ಷ ಬದುಕಿ ಮಗ್ಗ ನಡೆಸಿದ. ಈಗಲೂ ನಾನಿರುವ ಜಮಖಂಡಿಯಿಂದ ಬನಹಟ್ಟಿಗೆ ಹೋದರೆ ಅವಳು ನನಗೆ ರೊಟ್ಟಿ, ಗುರೆಳ್ಳು ಹಿಂಡಿ ಬಡಿಸಿ, "ಇನ್ನೊಂಚೂರು ಹಾಕ್ಲೇನ್ರಿ?" ಎನ್ನುತ್ತಾಳೆ. ತಪ್ಪಾಯಿತೆಂದು ಹೇಳಲು ಬಾಯಿ ತೆರೆಯುತ್ತೇನೆ. "ಹಿಂಡಿ ಛಲೋ ಆಗೇತಿ" ಎಂಬುದಷ್ಟೇ ಹೊರಬರುತ್ತದೆ.

ಗೇಟಿನಲ್ಲಿ ಗಾಡಿ ತಡೆದವಳು ಯಾರೆಂದು ನನಗೆ ಇಂದಿಗೂ ತಿಳಿದಿಲ್ಲ. ಮಂಚದ ಬಳಿ ಕುಳಿತಿದ್ದವಳ ಹೆಸರು ಮಾತ್ರ ಗೊತ್ತು. ನೀಲವ್ವ.