ಕಟ್ಟದೊಳಗಿನ ಏಡಿ

ತೊಂಬತ್ತರ ದಶಕ ಮುಗಿಯುತ್ತ ಬಂದರೂ ಕೊಕ್ಕಡದಿಂದ ಆಚೆ, ಗುಡ್ಡದ ಬುಡದಲ್ಲಿದ್ದ ನಮ್ಮ ಮನೆಯ ತನಕ ಕರೆಂಟಿನ ಕಂಬ ಬಂದಿರಲಿಲ್ಲ. ಅರ್ಜಿ ಬರೆದು ಬರೆದು ಅಪ್ಪನ ಅಕ್ಷರ ದುಂಡಗಾಯಿತು, ಅಷ್ಟೆ. ಕೊನೆಗೆ ಬೆಳ್ತಂಗಡಿ ಕಡೆಯ ಒಂದು ಮನೆಯಲ್ಲಿ ತೋಡಿನ, ಅಂದರೆ ಸಣ್ಣ ಹಳ್ಳದ, ನೀರಿನಿಂದಲೇ ಕರೆಂಟು ಮಾಡುವುದನ್ನು ನೋಡಿ ಬಂದು, ನಮ್ಮಲ್ಲೂ ಒಂದು ಪುಟ್ಟ ಟರ್ಬೈನು ಕೂರಿಸಿದರು. ಗುಡ್ಡದ ಕಾಡಿನಿಂದ ಇಳಿಯುವ ತೋಡಿಗೆ ಮೇಲೆ ಬಂಡೆಯ ಹತ್ತಿರ ಪೈಪು ಇಟ್ಟರು. ಆ ನೀರು ರಭಸದಿಂದ ಇಳಿದು ಶೆಡ್ಡಿನ ಚಕ್ರ ತಿರುಗಿಸಿ, ತುಂಬ ಕೆಳಗೆ ಹೋಗಿ ಮತ್ತೆ ತೋಡಿಗೇ ಸೇರುತ್ತಿತ್ತು. ಮೊದಲ ದಿನ ಬಲ್ಬು ಹತ್ತಿದಾಗ ಅಮ್ಮ ಅಡುಗೆಮನೆಯ ಸೂರು ನೋಡಿ, "ಅಯ್ಯೋ ದೇವರೇ, ಇಷ್ಟು ಬಲೆ ಇತ್ತಾ ಇಲ್ಲಿ!" ಎಂದು ಕೂಡಲೇ ಪೊರಕೆ ತಂದರು. ಕರೆಂಟಿನಿಂದ ನಮ್ಮ ಮನೆಗೆ ಆದ ಮೊದಲ ಉಪಕಾರ ಅದು.

ಆ ಬೆಳಕಿಗೆ ಒಂದು ಷರತ್ತಿತ್ತು. ನಮ್ಮ ತೋಡಿಗೆ ವರ್ಷಾ ವರ್ಷಾ ಡಿಸೆಂಬರಿನಲ್ಲಿ ಕಟ್ಟ ಹಾಕುವ ಕ್ರಮ. ಕಲ್ಲು, ಮಣ್ಣು, ಸೊಪ್ಪು ಸೇರಿಸಿ ತೋಡಿಗೆ ಅಡ್ಡ ಕಟ್ಟುವ ಒಡ್ಡು ಅದು. ಅದರಲ್ಲಿ ನಿಂತ ನೀರು ಕಣಿ ಎಂಬ ಸಣ್ಣ ಕಾಲುವೆಯಲ್ಲಿ ಹರಿದು ಕೆಳಗಿನವರ ಗದ್ದೆ, ತೋಟಗಳಿಗೆ ಹೋಗಬೇಕು. ಕಟ್ಟ ಬಿದ್ದ ದಿನದಿಂದ ಅದರ ಮೇಲೆ ಯಾರೂ ನೀರು ತಿರುಗಿಸಬಾರದು. ನಮ್ಮ ಪೈಪು ಇದ್ದದ್ದು ಕಟ್ಟಕ್ಕಿಂತ ಮೇಲೆ, ಅದರ ನೀರು ಬೀಳುತ್ತಿದ್ದದ್ದು ಕಟ್ಟಕ್ಕಿಂತ ಕೆಳಗೆ. ಹಾಗಾಗಿ ಡಿಸೆಂಬರಿನಲ್ಲಿ ವಾಲ್ವ್ ಮುಚ್ಚಿದರೆ ಮತ್ತೆ ಮಳೆಗಾಲದ ತನಕ ಚಿಮಿಣಿ ದೀಪವೇ ಗತಿ. ಎರಡು ಸಾವಿರದ ನಂತರ ಕಂಬವೂ ಬಂತು, ಅದರ ಹಿಂದೆ ಬೋರೂ ಪಂಪೂ ಬಂದವು, ಕಟ್ಟಕ್ಕೆ ಜನ ಸೇರುವುದು ನಿಂತೇ ಹೋಯಿತು. ಈಗ ಸ್ವಿಚ್ಚು ಒತ್ತಿದರೆ ನೀರು. ಯಾರಿಗೂ ಯಾರೂ ಬೇಡ. ಹೇಳಹೊರಟರೆ ನನಗೆ ಸಿಟ್ಟೇ ಬರುತ್ತದೆ, ಇರಲಿ.

ಕಟ್ಟದ ಕೆಲಸಕ್ಕೆ ಯಜಮಾನ ಎಂದರೆ ಕೆಳಗಿನ ಮನೆಯ ಕಾಕ. ಬ್ಯಾರಿಗಳ ಹಳೆಯ ಮನೆ ಅದು, ನಮ್ಮ ಅಜ್ಜನ ಕಾಲದಿಂದಲೂ ನೆರೆ. ಕಾಕ ಅಪ್ಪನಿಗಿಂತ ತುಂಬ ಹಿರಿಯರು. ಯಾವ ಕಲ್ಲಿನ ಪಕ್ಕ ಯಾವ ಕಲ್ಲು ಕೂರುತ್ತದೆ ಎಂದು ಅವರು ನೋಡಿದ ಕೂಡಲೇ ಹೇಳುತ್ತಿದ್ದರು. ಆ ವರ್ಷ ಅವರು ಗದ್ದೆಗೆ ಹೊಸತಾಗಿ ಅಡಿಕೆ ಸಸಿ ಇಟ್ಟಿದ್ದರು. ಮೊದಲ ಬೇಸಿಗೆ ದಾಟಿಸಿದರೆ ಮಾತ್ರ ಅವು ಬದುಕುವುದು. ನೀರಿಗೆ ಕಟ್ಟ ಬಿಟ್ಟರೆ ಅವರಿಗೆ ಬೇರೆ ದಾರಿ ಇರಲಿಲ್ಲ.

ನಾನು ಆ ವರ್ಷ ಎಸ್ಸೆಸ್ಸೆಲ್ಸಿ. ಮನೆತನದಲ್ಲಿ ಯಾರೂ ದಾಟದ ಹೊಳೆ ದಾಟುವವಳೆಂಬ ಜಂಬ ಬೇರೆ. "ಚಿಮಿಣಿ ದೀಪದಲ್ಲಿ ಓದಿದರೆ ಕಣ್ಣು ಹೋಗುತ್ತದೆ" ಎಂದು ನಾನು ಬೇಕೆಂದೇ ಅಪ್ಪನಿಗೆ ಕೇಳುವ ಹಾಗೆ ಗೊಣಗಿದೆ. ಕಟ್ಟ ಹಾಕಿದ ದಿನ ಅಪ್ಪ ಎಲ್ಲರ ಎದುರು ವಾಲ್ವ್ ಮುಚ್ಚಿದರು. ಮರುದಿನ ಮುಸ್ಸಂಜೆ ಸುಮ್ಮನೆ ಗುಡ್ಡ ಹತ್ತಿ ಬಂದರು, ಬಲ್ಬು ಹತ್ತಿತು. ಬೆಳಗಾಗುತ್ತಲೇ ಹೋಗಿ ಮುಚ್ಚಿ ಬಂದರು. ಮತ್ತೆ ದಿನಾ ಇದೇ ಕ್ರಮವಾಯಿತು. ನಾನು ಪುಸ್ತಕ ಬಿಡಿಸಿದೆ.

ಕಟ್ಟ ತುಂಬುವುದೇ ಇರುಳಲ್ಲಿ, ಹಗಲಿಡೀ ಕಣಿಯಲ್ಲಿ ಹರಿಯುತ್ತಿರುತ್ತದಲ್ಲ. ವಾರವಾದರೂ ಅರ್ಧಕ್ಕಿಂತ ಮೇಲೆ ನೀರು ಏರಲಿಲ್ಲ. ಊರವರು ಸೇರಿದರು. ಕಾಕನ ಕೈ ತಪ್ಪಿತೋ, ಪ್ರಾಯ ಆಯಿತೋ ಎಂದು ಯಾರೋ ಪಿಸುಗುಟ್ಟಿದರು. ಆಗ ಅಪ್ಪ ಗಂಟಲು ಸರಿಮಾಡಿಕೊಂಡು, "ಏಡಿ ತೂತು ಮಾಡಿರಬೇಕು ಮಾರಾಯ್ರೆ. ಹುಡುಕುವ" ಎಂದರು.

ನಮ್ಮ ಕಡೆ ಕಟ್ಟ ಸೋರಿದರೆ ಮೊದಲ ಅಪರಾಧಿ ಏಡಿಯೇ. ಯಾರಿಗೂ ಅನುಮಾನ ಬರಲಿಲ್ಲ. ಕಾಕ ಒಂದು ಕ್ಷಣ ಅಪ್ಪನ ಮುಖ ನೋಡಿ, "ಹೌದು, ಏಡಿಯೇ" ಎಂದು ಲುಂಗಿ ಎತ್ತಿ ಕಟ್ಟಿ ನೀರಿಗಿಳಿದರು. ಹಗಲಿಡೀ ಆರೇಳು ಜನ ಕಲ್ಲಿನ ಸಂದುಸಂದಿಗೆ ಕೈಹಾಕಿದರು. ಸಿಕ್ಕಿದ್ದು ಎರಡು ಬಡಪಾಯಿ ಏಡಿ. ಅಪ್ಪ ಸೊಂಟದ ತನಕ ಕೆಸರಿನಲ್ಲಿ ನಿಂತು ಎಲ್ಲರಿಗಿಂತ ಹೆಚ್ಚು ಶ್ರದ್ಧೆಯಿಂದ ಹುಡುಕುತ್ತಿದ್ದರು. ಚಹಾ ತೆಗೆದುಕೊಂಡು ಹೋದ ನಾನು ದಡದಲ್ಲಿ ನಿಂತು ನೋಡಿದೆ. ಕಾಕನ ಬೆರಳ ತುದಿಗಳೆಲ್ಲ ಸುಕ್ಕುಗಟ್ಟಿ ಬೆಳ್ಳಗಾಗಿದ್ದವು. ಲೋಟ ಕೊಡುವಾಗ ಅವರ ಮುಖ ನೋಡಲು ನನ್ನಿಂದಾಗಲಿಲ್ಲ. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು.

ಆ ಮುಸ್ಸಂಜೆ ಅಪ್ಪ ಚಪ್ಪಲಿ ಮೆಟ್ಟುವ ಮೊದಲೇ ನಾನು ಗುಡ್ಡ ಹತ್ತಿ ವಾಲ್ವಿಗೆ ಬೆನ್ನು ಕೊಟ್ಟು ಕೂತಿದ್ದೆ. ಅಪ್ಪ ಏದುಸಿರು ಬಿಡುತ್ತ ಬಂದರು.

"ಇನ್ನು ಬೇಡ ಅಪ್ಪ" ಎಂದೆ.

"ಪರೀಕ್ಷೆ?"

"ದೀಪದಲ್ಲಿ ಓದ್ತೇನೆ."

ಅವರು ಬೈಯಲಿಲ್ಲ. ನನ್ನ ಪಕ್ಕದಲ್ಲೇ ಬಂಡೆಯ ಮೇಲೆ ಕೂತು ದಣಿವಾರಿಸಿಕೊಂಡರು. ಮತ್ತೆ "ಹೋಗುವ" ಎಂದರು.

ಮರುದಿನ ಬೆಳಿಗ್ಗೆ ಕಟ್ಟ ತುಂಬಿ ಮೇಲಿನಿಂದ ಸುರಿಯುತ್ತಿತ್ತು. ಊರಿಡೀ ಕಾಕನ ಕೈಗುಣವನ್ನು ಹೊಗಳಿತು. ಪಿಸುಗುಟ್ಟಿದವನೇ ಎಲ್ಲರಿಗಿಂತ ಜೋರಾಗಿ ಹೊಗಳಿದ. ಯಾರಿಗೂ ತಿಳಿಯದೆ ಎಲ್ಲವನ್ನೂ ಸರಿಮಾಡಿದ ಜಾಣೆ ನಾನೇ ಎಂದು ನಾನು ಒಳಗೊಳಗೇ ಬೀಗಿದೆ.

ನಾಲ್ಕು ದಿನ ಕಳೆದು ಕಾಕ ನಮ್ಮ ಅಂಗಳಕ್ಕೆ ಬಂದರು, ಕೈಯಲ್ಲೊಂದು ಸಣ್ಣ ಕ್ಯಾನು.

"ಚಿಮಿಣಿ ಎಣ್ಣೆ, ಮಗಳೇ. ರೇಶನಿನದ್ದು. ನಮಗೆ ಅಷ್ಟು ಬೇಡ, ನಾವು ಬೇಗ ಮಲಗ್ತೇವೆ. ನಿನಗೆ ಓದ್ಲಿಕ್ಕೆ ಉಂಟಲ್ಲ."

"ನಮಗೆ ಈಗ ಎಣ್ಣೆ ಬೇಕು ಅಂತ ನಿಮಗೆ ಹೇಗೆ ಗೊತ್ತು ಕಾಕ?"

"ನಿಮ್ಮ ಬಲ್ಬು ನಮ್ಮ ಜಗಲಿಗೆ ಕಾಣ್ತದೆ. ನಾಲ್ಕು ದಿನದಿಂದ ಕಾಣ್ಲಿಲ್ಲ."

ಹಾಗಾದರೆ ಅದಕ್ಕೆ ಮೊದಲಿನ ದಿನಗಳಲ್ಲೂ ಕಂಡಿತ್ತು. ಅದು ನನ್ನ ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು.

"ಮತ್ತೆ... ಏಡಿ ಯಾಕೆ ಹುಡುಕಿದ್ರಿ?"

ಕಾಕ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನಿನ್ನ ಅಪ್ಪ ಅಷ್ಟು ಜನರ ಎದುರು ಏಡಿ ಅಂತ ಹೇಳಿದ್ರಲ್ಲ ಮಗಳೇ. ಅಲ್ಲ ಅಂತ ನಾನು ಹೇಗೆ ಹೇಳುವುದು?"

ಅಪ್ಪ ಬಾಗಿಲ ಹಿಂದೆಯೇ ಇದ್ದರು. ಹೊರಗೆ ಬರಲಿಲ್ಲ. ಆ ಎಣ್ಣೆಯಲ್ಲಿ ಓದಿ ನಾನು ಪಾಸಾದೆ, ಕಾಕನ ಸಸಿಗಳೂ ಬೇಸಿಗೆ ದಾಟಿದವು. ಅಪ್ಪ ಮತ್ತು ಕಾಕ ಆ ವಿಷಯ ಎಂದೂ ಮಾತಾಡಿದ್ದನ್ನು ನಾನು ಕೇಳಿಲ್ಲ.

ಮರುವರ್ಷ ಕಟ್ಟ ಹಾಕುವ ಹಿಂದಿನ ದಿನ ಅಪ್ಪ ಗುಡ್ಡ ಹತ್ತಿ ವಾಲ್ವನ್ನೂ ಮೇಲಿನ ಪೈಪನ್ನೂ ಬಿಚ್ಚಿದರು. ಮನೆಗೆ ನೇರ ಇಳಿಯುವ ದಾರಿ ಇತ್ತು. ಅದನ್ನು ಬಿಟ್ಟು, ಪೈಪು ಹೆಗಲ ಮೇಲೆ ಹೊತ್ತುಕೊಂಡು, ಅಷ್ಟು ದೂರ ಸುತ್ತಿ ಕಾಕನ ಅಂಗಳದಲ್ಲಾಗಿ ನಡೆದು ಬಂದರು.