ಕುತ್ತಿಗೆಗೆ ದಾರ ಕಟ್ಟಿದ ಸೀಸೆ

ಕಾಂಪೌಂಡರ್ ಓಬೇದುಲ್ಲಾ ೧೯೪೪ನೇ ಇಸವಿ ನವೆಂಬರ್ ಹದಿನಾಲ್ಕರ ಸಂಜೆ ಮುಳಬಾಗಿಲಿನ ತಮ್ಮ ಮನೆಯಲ್ಲಿ ತೀರಿಕೊಂಡರು. ಎದೆನೋವು. ವಯಸ್ಸು ಐವತ್ತೊಂದು. ಹೆಂಡತಿ ಹಜೀರಾ ಇದ್ದಾರೆ, ಮಕ್ಕಳಿಲ್ಲ.

ಊರಾಚೆಯ ಹತ್ತು ಹಾಸಿಗೆಯ ಧರ್ಮಾಸ್ಪತ್ರೆಯಲ್ಲಿ ಅವರು ಇಪ್ಪತ್ತೆರಡು ವರ್ಷ ಔಷಧಿ ಬೆರೆಸಿದರು. ಅವರ ಅಜ್ಜ ದಾರ ಮಂತ್ರಿಸಿ ಕಟ್ಟುವುದರಲ್ಲಿ ಹೆಸರಾದವರು. ಆ ಕಸುಬೇ ಬೇಡವೆಂದು ಮೊಮ್ಮಗ ಬೆಂಗಳೂರಿಗೆ ಹೋಗಿ ಕಾಂಪೌಂಡರ್ ಪರೀಕ್ಷೆ ಪಾಸು ಮಾಡಿಕೊಂಡು ಬಂದಿದ್ದರು.

ಆಸ್ಪತ್ರೆಯಲ್ಲಿ ಔಷಧಿ ಸಿಗುತ್ತಿತ್ತು, ಸೀಸೆ ಸಿಗುತ್ತಿರಲಿಲ್ಲ. ರೋಗಿಗಳು ಬ್ರಾಂದಿಯದೋ ಹರಳೆಣ್ಣೆಯದೋ ಖಾಲಿ ಸೀಸೆ ತರಬೇಕು. ಕೆಮ್ಮಿಗೆ ಕುಡಿಯುವ ಔಷಧಿಯೂ ಕೀಲುನೋವಿಗೆ ಹಚ್ಚುವ ವಿಷದ ಔಷಧಿಯೂ ಒಂದೇ ತರಹದ ಸೀಸೆಗಳಲ್ಲಿ ಮನೆಯ ಒಂದೇ ಗೂಡಿಗೆ ಹೋಗಿ ಕೂರುತ್ತಿದ್ದವು. ೧೯೩೬ರಲ್ಲಿ ಹಚ್ಚುವುದನ್ನು ಕುಡಿದು ಒಬ್ಬ ಮುದುಕ ಸತ್ತ. ಆಸ್ಪತ್ರೆಯ ಧರ್ಮದರ್ಶಿಗಳು ಸಭೆ ಸೇರಿ, ಹಚ್ಚುವ ಔಷಧಿಯ ಸೀಸೆಗೆ ಅಂಟಿಸಲು ಕೆಂಪು ಚೀಟಿ ಅಚ್ಚು ಹಾಕಿಸಿದರು, ಇಂಗ್ಲಿಷಿನಲ್ಲಿ. ಅದನ್ನು ಓದಬಲ್ಲವರು ಔಷಧಿಗೆ ಕೋಲಾರಕ್ಕೆ ಹೋಗುತ್ತಿದ್ದರು.

ಆ ಮುದುಕನಿಗೆ ಸೀಸೆ ತುಂಬಿ ಕೊಟ್ಟವರು ಓಬೇದುಲ್ಲಾ. ಚೀಟಿಯನ್ನು ಅವರು ನೆಚ್ಚಲಿಲ್ಲ. ಕತ್ತಲಲ್ಲಿ ತಡವಿದರೂ ಕೈಗೆ ತಿಳಿಯಲೆಂದು, ಹಚ್ಚುವ ಔಷಧಿಯ ಸೀಸೆಯ ಕುತ್ತಿಗೆಗೆ ಕಪ್ಪು ದಾರ ಸುತ್ತಿ ಮೂರು ಗಂಟು ಹಾಕತೊಡಗಿದರು. ಎರಡು ತಿಂಗಳು ಎಲ್ಲ ಸರಿಯಾಗಿತ್ತು. ಮೂರನೆಯ ತಿಂಗಳು, ಹಚ್ಚುವುದನ್ನು ಕುಡಿದಿದ್ದ ಆವನಿಯ ದೊಡ್ಡಗಂಗಮ್ಮನನ್ನು ಗಾಡಿಯಲ್ಲಿ ಹಾಕಿಕೊಂಡು ತಂದರು. ಡಾಕ್ಟರ್ ಚನ್ನರಾಯಪ್ಪ ನಳಿಕೆ ಇಳಿಸಿ ಹೊಟ್ಟೆ ತೊಳೆದರು. ಎರಡನೆಯ ದಿನ ಆಕೆ ಕಣ್ಣುಬಿಟ್ಟಳು.

"ದಾರ ಕಟ್ಟಿರೋದನ್ನ ಕುಡಿಬಾರ್ದು ಅಂತ ಹೇಳಿರ್ಲಿಲ್ವೇನಮ್ಮಾ?" ಎಂದರು ಓಬೇದುಲ್ಲಾ.

"ನೀವೇನೋ ಹೇಳಿದ್ರಿ ಸಾಮಿ. ಕಿವಿ ಮಂದ, ಕೇಳಿಸ್ಲಿಲ್ಲ. ನಿಮ್ಮ ತಾತ ಕಟ್ತಿದ್ದಂಗೇ ಮೂರು ಗಂಟು ಕಂಡ್ವು. ಮಂತ್ರಿಸಿ ಕೊಟ್ಟಿರೋದನ್ನ ಮೈಗೆ ಹಚ್ಚಿ ದಂಡ ಮಾಡ್ಲಾ?"

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆಕೆ ಬದುಕಿದ್ದಷ್ಟೇ ಅಲ್ಲ, ವಾರವೆಲ್ಲ ಮಲಗಿದ್ದರಿಂದಲೋ ಏನೋ, ಮಂಡಿನೋವೂ ಇಳಿಯಿತು. ಮುಂದಿನ ಸಂತೆಯ ದಿನ ನಾಲ್ವರು ಮುದುಕಿಯರು ಸೀಸೆ ಹಿಡಿದು ಬಂದು, ದಾರ ಕಟ್ಟಿದ್ದೇ ಬೇಕೆಂದು ಕುಳಿತರು.

"ಏನ್ರೀ ಕಾಂಪೌಂಡರೇ, ತಾತನ ಅಂಗಡಿ ಮತ್ತೆ ತೆಗೆದ್ರಂತೆ?" ಎಂದು ಡಾಕ್ಟರು ನಕ್ಕರು. ಓಬೇದುಲ್ಲಾರಿಗೆ ನಗು ಬರಲಿಲ್ಲ. ಇನ್ನೊಬ್ಬರು ಸತ್ತರೆ ಅದು ತಮ್ಮ ಕೈಯ ಗಂಟಿನಿಂದಲೇ. ಅಂದೇ ದಾರದ ಉಂಡೆಯನ್ನು ಒಲೆಗೆ ಹಾಕಿದರು.

ಆಮೇಲೆ ಮಾಡಿದ ಉಪಾಯಕ್ಕೆ ದಾರ ಬೇಡ, ಚೀಟಿ ಬೇಡ, ಹೊತ್ತು ಮಾತ್ರ ಬೇಕಿತ್ತು. ಸೀಸೆಯನ್ನು ಏನು ಮಾಡುತ್ತೇನೆಂದು ರೋಗಿ ತನ್ನ ಬಾಯಿಂದಲೇ ಹೇಳಬೇಕು. ಅಲ್ಲಿಯವರೆಗೆ ಅವರು ಅದನ್ನು ಕೈಬಿಡುತ್ತಿರಲಿಲ್ಲ. ತೆಲುಗಿನವರು ತೆಲುಗಿನಲ್ಲೇ ಹೇಳಬಹುದು: "ಪೂಸುಕುನೇದಿ, ತಾಗೇದಿ ಕಾದು." ಹಚ್ಚಿಕೊಳ್ಳುವುದು, ಕುಡಿಯುವುದಲ್ಲ. ಸಾಲು ರಸ್ತೆಯವರೆಗೂ ಬೆಳೆಯಿತು. "ಔಷಧಿಗೆ ಬಂದ್ರೆ ಮಗ್ಗಿ ಒಪ್ಪಿಸ್ಕೋತಾನೆ ಸಾಬಿ" ಎಂದು ಜನ ಬೈದರು. ಕಾಂಪೌಂಡರರ ಕೈ ನಿಧಾನವೆಂದು ಧರ್ಮದರ್ಶಿಗಳು ಎರಡು ಸಲ ನೋಟೀಸು ಕೊಟ್ಟರು. ಏಳು ವರ್ಷ ಒಬ್ಬರೂ ಹಚ್ಚುವುದನ್ನು ಕುಡಿಯಲಿಲ್ಲ. ಅದರ ಮಾತು ಯಾವ ನೋಟೀಸಿನಲ್ಲೂ ಇರಲಿಲ್ಲ.

ಅವರು ತೀರಿಹೋದ ದಿನ ಮಧ್ಯಾಹ್ನ ಡಾಕ್ಟರು ಒಳಗೆ ಕರೆದರೆಂದು ಎದ್ದರು. ಬಂದು ನೋಡಿದರೆ ಕಟ್ಟೆಯ ಮೇಲೆ ಹಚ್ಚುವ ಔಷಧಿ ತುಂಬಿಟ್ಟಿದ್ದ ಸೀಸೆಯಿಲ್ಲ. ಶ್ರೀನಿವಾಸಪುರದ ಕಡೆಯ ವೆಂಕಟರಮಣಪ್ಪ ಒಪ್ಪಿಸದೆಯೇ ಎತ್ತಿಕೊಂಡು ಹೋಗಿದ್ದ. ಬೆಳಗಿನಿಂದ ಎಡತೋಳು ಸೆಳೆಯುತ್ತಿದ್ದುದನ್ನು ಯಾರಿಗೂ ಹೇಳದ ಓಬೇದುಲ್ಲಾ ಬಿಸಿಲಲ್ಲಿ ಬಸ್ಸಿನ ಕಡೆಗೆ ಓಡಿದರು. ಯುದ್ಧಕಾಲದಲ್ಲಿ ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು. ಒಲೆ ಕಾದು ಅದು ಹೊರಡಲು ಅರ್ಧ ಗಂಟೆ ಹಿಡಿಯುತ್ತಿತ್ತು. ಅವರು ಹತ್ತುವಾಗ ಇನ್ನೂ ಹೊಗೆ ಕಾರುತ್ತ ನಿಂತಿತ್ತು.

"ಹೇಳಪ್ಪಾ."

"ಇಷ್ಟು ಜನದ ಮುಂದೇನಾ ಸಾಬ್ರೇ?"

"ಇಷ್ಟು ಜನದ ಮುಂದೇನೇ."

ಕಂಡಕ್ಟರ್ ಜಾನ್ ಪಾಷಾ ಕೈಮುಗಿದ. "ಭಾಯ್, ನಾನೇ ಹೇಳಿಬಿಡ್ತೀನಿ, ಗಾಡಿ ಬಿಡೋಣ."

"ನಿನ್ನ ಮಂಡಿ ನೋಯ್ತಿದ್ರೆ ಹೇಳು."

ಬಸ್ಸೆಲ್ಲ ನಕ್ಕಿತು. ವೆಂಕಟರಮಣಪ್ಪ ತಲೆತಗ್ಗಿಸಿ, "ಪೂಸುಕುನೇದಿ" ಎಂದ.

"ಇನ್ನರ್ಧ?"

"ತಾಗೇದಿ ಕಾದು."

ಓಬೇದುಲ್ಲಾ ಅವನ ಕೈಯಿಂದ ಸೀಸೆ ತೆಗೆದುಕೊಂಡು, ಬಿರಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಮತ್ತೆ ಅವನ ಕೈಗೇ ಕೊಟ್ಟು, ಬಸ್ಸಿನಿಂದ ಇಳಿದರು.