ಕಾಯಿಲೋವರ್‌ಗೆ ಹಚ್ಚಿದ ವಿಭೂತಿ

ಎಲ್ಲರ ಭಾರ ಹೊತ್ತ ಶಿವನಿಗೆ ಶರಣು.

ನನ್ನ ಹಳೇ ಕಾರಿಗೆ ಸಿಂಧನೂರಿನಲ್ಲಿ ಚಕ್ರಗಳ ಬಳಿ ಕಾಯಿಲೋವರ್ ಎಂಬ ಸ್ಪ್ರಿಂಗ್ ಜೋಡಣೆ ಹಾಕಿಸಿದ್ದೆ. ಸ್ಪ್ರಿಂಗಿನ ಕೆಳಗಿನ ರಿಂಗ್ ತಿರುಗಿಸಿದರೆ ಕಾರು ಏಳುತ್ತದೆ, ಇಳಿಯುತ್ತದೆ. ಚೆಂದ ಕಾಣಲೆಂದು ಇಳಿಸಿಯೇ ಇಟ್ಟಿದ್ದೆ. ಮೊನ್ನೆ ತುಂಬು ಬಸುರಿ ತಂಗಿಯನ್ನು ಗುರುಗುಂಟಾದ ಗಂಡನ ಮನೆಯಿಂದ ಹೆರಿಗೆಗೆ ಕರೆತರಲು ಹೊರಟರೆ, ರಸ್ತೆಯ ಪ್ರತಿ ಉಬ್ಬಿಗೂ ಕಾರಿನ ಹೊಟ್ಟೆ ನೆಲಕ್ಕೆ ತಿಕ್ಕತೊಡಗಿತು. ಅವಳನ್ನು ಹೀಗೆ ಕುಲುಕಿಸುತ್ತ ತರುವುದು ಹೇಗೆ? ಮಸ್ಕಿಯಲ್ಲಿ ನಿಲ್ಲಿಸಿ, ಎತ್ತರಿಸಿಕೊಡಿ ಎಂದು ಮೆಕ್ಯಾನಿಕ್ ಖಾಜಾಸಾಬರನ್ನು ಕೇಳಿದೆ. ಅವರೆಷ್ಟು ತಿಣುಕಿದರೂ ರಿಂಗ್ ಅಲುಗಲಿಲ್ಲ.

"ಏನ್ರೀ ಇದು, ಸುಣ್ಣ ಬಳ್ದೀರೇನು?"

"ವಿಭೂತಿರೀ. ಸೋಮವಾರಕ್ಕೊಮ್ಮೆ ನೀರಾಗ ಕಲಸಿ ಹಚ್ಚತೀನಿ."

"ರಿಂಗ್ ತಿರುಗೋ ಥ್ರೆಡ್ಡಿನಾಗೆಲ್ಲಾ ಗಟ್ಟಿ ಕುಂತೈತಿ! ಹಣಿ ನಿಮಗೈತ್ರೀ, ಇದಕ್ಕಿಲ್ಲ. ವಿಭೂತಿ ನೀವ್ ಹಚ್ಕೋರಿ, ಇದಕ್ಕ ಬ್ರಷ್ ಹಚ್ರಿ."

ನಾಚುತ್ತಲೇ ನೀರು ತಂದುಕೊಟ್ಟೆ. ಅವರು ತಿಕ್ಕಿ ತೊಳೆದು ಎಣ್ಣೆ ಬಿಟ್ಟರು. ಆಮೇಲೆ ರಿಂಗ್ ತಿರುಗಿಸುವ ಪಾನಾ ಹಿಡಿದು, ಮೆಲ್ಲಗೆ ಅದನ್ನು ಎರಡೂ ಕಣ್ಣಿಗೊತ್ತಿಕೊಂಡು ಬಲ ಹಾಕಿದರು. ರಿಂಗ್ ತಿರುಗಿತು, ಕಾರು ಎದ್ದಿತು. ಅವರು ಕಣ್ಣಿಗೊತ್ತಿಕೊಂಡದ್ದನ್ನು ನಾನು ಕಂಡರೂ ಕಾಣದಂತಿದ್ದೆ.

ವಾಪಸ್ ಬರುವಾಗ ತಂಗಿ ಲಿಂಗಸುಗೂರು ದಾಟುವಷ್ಟರಲ್ಲಿ ನಿದ್ದೆ ಹೋದಳು. ಈಗ ಪ್ರತಿ ಸೋಮವಾರ ಕಾಯಿಲೋವರ್‌ಗೆ ಬ್ರಷ್ಷಿನ ಪೂಜೆ. ವಿಭೂತಿ ಸ್ಟೇರಿಂಗಿಗೆ ಮಾತ್ರ. ಅದಂತೂ ಸರಾಗ ತಿರುಗುತ್ತಿದೆ.

ಇಷ್ಟು ಕೇಳಿದ ನಿಮ್ಮೆಲ್ಲರನ್ನೂ ಶಿವನು ಕುಲುಕದಂತೆ ಮನೆ ಮುಟ್ಟಿಸಲಿ.